ಅಳೆಯಲು ಬಂದವರ ಪರವಾಗಿ ಪಂಪಾಪತಿಗೆ

ಹಂಪಿಯ ತಂದೆ ಪಂಪಾಪತಿ,

ನಿನ್ನ ಎದುರು ಕೈಮುಗಿದು ನಿಂತವರು ಸಾಮಾನ್ಯವಾಗಿ ತಮ್ಮ ಪಾಲಿನದನ್ನು ಕೇಳಿಕೊಳ್ಳುತ್ತಾರೆ. ಮಗಳಿಗೆ ಗಂಡು, ಮಗನಿಗೆ ನೌಕರಿ, ಬೋರಿಗೆ ನೀರು, ಕೋರ್ಟಿನಲ್ಲಿ ಕೊಳೆಯುತ್ತಿರುವ ಹೊಲದ ಕೇಸಿಗೆ ಒಂದು ಕೊನೆ. ಇವತ್ತು ನಾನು ಬೇರೆಯವರ ವಕಾಲತ್ತು ಹಿಡಿದು ಬಂದಿದ್ದೇನೆ. ಅವರಲ್ಲಿ ಹಲವರಿಗೆ ನಿನ್ನ ಹೆಸರು ನಾಲಿಗೆಗೆ ಹತ್ತುವುದಿಲ್ಲ. ತೀರ್ಥ ಕೊಟ್ಟರೆ ಹೊಟ್ಟೆ ಕೆಟ್ಟೀತೆಂದು ಅಂಗೈಯಲ್ಲೇ ಇಟ್ಟುಕೊಂಡು ಹೊರಗೆ ಬಂದು ತಲೆಗೆ ಸವರಿಕೊಳ್ಳುತ್ತಾರೆ. ಆದರೆ ನಿನ್ನ ಮಂಟಪದ ಕಂಬದಿಂದ ಕಂಬಕ್ಕೆ ಎಷ್ಟು ಅಂತರ, ಯಾವ ಮೆಟ್ಟಿಲು ಯಾವ ಕಾಲದ್ದು, ಯಾವ ಗೋಡೆಯನ್ನು ಒಡೆದು ಮತ್ತೆ ಕಟ್ಟಲಾಗಿದೆ ಎಂಬುದನ್ನು ನಿನ್ನ ಪೂಜಾರಿಗಳಿಗಿಂತ ಚೆನ್ನಾಗಿ ಬಲ್ಲರು.

ದೂರದ ದೇಶಗಳಿಂದ ಸಂಶೋಧನೆಗೆಂದು ಬಂದು ಹೊಸಪೇಟೆ, ಕಮಲಾಪುರ, ಆನೆಗೊಂದಿ, ಸಂಡೂರು, ಕಂಪ್ಲಿಗಳಲ್ಲಿ ತಿಂಗಳುಗಟ್ಟಲೆ ಉಳಿದವರ ಸಂಗತಿ ಇದು. ಪ್ರವಾಸಿಗ ಬೇರೆ. ಅವನು ನಿನ್ನನ್ನು ನೋಡಿ, ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ರಾತ್ರಿಯ ರೈಲು ಹತ್ತುತ್ತಾನೆ. ಸಂಶೋಧಕನಾದರೋ ಇಲ್ಲಿ ಅಕ್ಕಿ ಕೊಳ್ಳಬೇಕು, ಬಟ್ಟೆ ಒಗೆದು ಹರವಬೇಕು, ಜ್ವರ ಬಂದರೆ ಯಾರದೋ ಮನೆಯ ಗಂಜಿ ಕುಡಿಯಬೇಕು, ಕರೆಂಟು ಹೋದಾಗ ನಮ್ಮ ಜೊತೆಯಲ್ಲೇ ಬೆವರಬೇಕು. ಅಂಥವರನ್ನು ನಿನ್ನ ಕಡತದಲ್ಲಿ ಯಾವ ಸಾಲಿಗೆ ಸೇರಿಸಿದ್ದೀಯೋ ನನಗೆ ಗೊತ್ತಿಲ್ಲ. ಭಕ್ತರ ಸಾಲಿನ ಪಕ್ಕದಲ್ಲೇ ಒಂದಿಷ್ಟು ಜಾಗ ಕೊಡು ಎನ್ನುವುದು ನನ್ನ ಮೊದಲ ಬೇಡಿಕೆ.

ಹೀಗೆ ಬಂದವರನ್ನು ಸಾಕುವುದು ನಿನ್ನ ಊರಿಗೆ ಹೊಸದೂ ಅಲ್ಲ. 1443ರಲ್ಲಿ ತೈಮೂರನ ಮಗ ಶಾರುಖನ ದೂತನಾಗಿ ಹೆರಾತ್‌ನಿಂದ ಅಬ್ದುಲ್ ರಜಾಕ್ ಬಂದ. ಕಲ್ಲಿಕೋಟೆಯಿಂದ ಮಂಗಳೂರಿಗೆ, ಅಲ್ಲಿಂದ ಘಟ್ಟ ಹತ್ತಿ ನಿನ್ನ ತುಂಗಭದ್ರೆಯ ದಂಡೆಗೆ. ಅವನಿಗೊಂದು ಮನೆ ಕೊಟ್ಟರು. ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ. ಇದನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ. ವಾರಕ್ಕೆರಡು ಸಲ ವಿಜಯನಗರದ ಅರಸ ಪ್ರೌಢದೇವರಾಯ ಕರೆಸಿಕೊಂಡು ಮಾತಾಡಿಸುತ್ತಿದ್ದ. ಮಹಾನವಮಿಯನ್ನು ಕಣ್ತುಂಬ ನೋಡಿದ. ಆಮೇಲೆ ಹೊರ್ಮುಜ್‌ನ ವರ್ತಕರು ಇವನು ನಿಜವಾದ ದೂತನೇ ಅಲ್ಲ ಎಂದು ಗುಲ್ಲೆಬ್ಬಿಸಿದರು. ದಂಡನಾಯಕ ಊರಲ್ಲಿಲ್ಲದ ಹೊತ್ತು, ಅವನ ಜಾಗದಲ್ಲಿ ಕೂತವನು ಈತನ ದಿನಪಡಿಯನ್ನು ನಿಲ್ಲಿಸಿಬಿಟ್ಟ.

ಪಂಪಾಪತಿ, ಆರು ಶತಮಾನ ಹತ್ತಿರ ಬಂತು. ಮೇಲಿನ ಸಾಹೇಬರು ವರ್ಗವಾದೊಡನೆ ಕೆಳಗಿನ ಮೇಜಿನವರು ದಿನಪಡಿ ತಡೆಹಿಡಿಯುವ ಪದ್ಧತಿ ಮಾತ್ರ ಹಾಳಾದ ಊರಿನಲ್ಲೂ ಹಾಳಾಗದೆ ಉಳಿದಿದೆ. ಫೆಲೋಶಿಪ್ ಹಣಕ್ಕಾಗಿ ಕಾಯುತ್ತ ಹೋಟೆಲಿನಲ್ಲಿ ಸಾಲ ಬರೆಸುವ ವಿದ್ಯಾರ್ಥಿ ಯಾವ ದೇಶದವನಾಗಿರಲಿ, ನಮ್ಮದೇ ಹಗರಿಬೊಮ್ಮನಹಳ್ಳಿಯವನಾಗಿರಲಿ, ಅವನ ಫೈಲು ಮುಂದಕ್ಕೆ ಸರಿಯುವ ಹಾಗೆ ಮಾಡು.

ಹೊಳೆಯ ಕೆಳಗೆ ಕಂಪ್ಲಿಯಿದೆ. ಈಗ ಅದು ಭತ್ತ, ಕಬ್ಬು, ಬಾಳೆಯ ಊರು. ಡ್ಯಾಮಿನಿಂದ ನೀರು ಹೆಚ್ಚು ಬಿಟ್ಟಾಗ ಸೇತುವೆ ಮುಳುಗಿ ಗಂಗಾವತಿಯ ದಾರಿ ಕಟ್ಟಾಗುವ ಸುದ್ದಿಗೆ ಮಾತ್ರ ಪತ್ರಿಕೆಯವರು ಅತ್ತ ಹಾಯುತ್ತಾರೆ. ಆದರೆ ಅತಿಥಿ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಕಂಪ್ಲಿಯ ಕಡೆ ಕೈ ತೋರಿಸುತ್ತೇನೆ. 1327ರ ಸುಮಾರಿಗೆ ದಿಲ್ಲಿಯ ತುಘಲಕನ ಮೇಲೆ ದಂಗೆಯೆದ್ದು ಸೋತು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪ್‌ಗೆ ಅಲ್ಲಿನ ಅರಸ ಕಂಪಿಲರಾಯ ಆಶ್ರಯ ಕೊಟ್ಟ. ದಿಲ್ಲಿಯ ದಂಡು ಸುತ್ತಿಕೊಂಡಿತು. ಒಪ್ಪಿಸಿದ್ದರೆ ರಾಯ ಬದುಕುತ್ತಿದ್ದನೇನೋ. ಬಂದವನನ್ನು ಮೊದಲು ಪಕ್ಕದ ಅರಸನ ಬಳಿಗೆ ಸುರಕ್ಷಿತವಾಗಿ ದಾಟಿಸಿ, ಹೆಂಗಸರನ್ನು ಬೆಂಕಿಗೆ ಕಳಿಸಿ, ತಾನು ಬಾಗಿಲು ತೆರೆದು ಹೋರಾಡಿ ಸತ್ತ. ಇದನ್ನು ಬರೆದಿಟ್ಟವನು ಮೊರಾಕ್ಕೊದಿಂದ ಬಂದಿದ್ದ ಇಬ್ನ್ ಬತೂತಾ. ಪರದೇಶಿಯೊಬ್ಬ ಪರದೇಶಿಗಾಗಿ ಸತ್ತವನ ಕಥೆಯನ್ನು ನಮಗಾಗಿ ಉಳಿಸಿದ. ಬೆಂಕಿಗೆ ಹೋದ ಹೆಂಗಸರನ್ನು ಯಾರೂ ಒಂದು ಮಾತು ಕೇಳಲಿಲ್ಲ ಎಂಬುದು ನನ್ನನ್ನು ಚುಚ್ಚುತ್ತದೆ, ಅದು ಬೇರೆ. ಅವರಿಗೂ ನಿನ್ನಲ್ಲಿ ಒಂದು ದೀಪವಿರಲಿ.

ಈಗ ನಮ್ಮ ಮನೆಯ ಮಹಡಿ ಕೋಣೆಯ ವಿಷಯಕ್ಕೆ ಬರುತ್ತೇನೆ. ಹೊಸಪೇಟೆಯಲ್ಲಿ ಬಾಡಿಗೆಗೆ ಕೊಡುವ ಕೋಣೆ ಎಂದರೆ ಮೈನ್ಸ್ ಕಂಪನಿಯವರು ಇಲ್ಲವೇ ಬ್ಯಾಂಕಿನವರು ಬರುತ್ತಾರೆ. ನಮ್ಮಲ್ಲಿಗೆ ಆಗೀಗ ಇಂಥ ಸಂಶೋಧಕರು ಬಂದರು. ಬಂದ ದಿನ ಮೊದಲ ಕೆಲಸ ಸಿ ಫಾರಂ. ವಿದೇಶಿಯರು ಬಂದು ಇಳಿದರೆ 24 ತಾಸಿನೊಳಗೆ ಮನೆಯ ಯಜಮಾನ ಪೊಲೀಸರಿಗೆ ತಿಳಿಸಬೇಕು. ಪಾಸ್‌ಪೋರ್ಟಿನ ಜೆರಾಕ್ಸು, ವೀಸಾದ ಜೆರಾಕ್ಸು, ನಮ್ಮ ಮನೆಯ ಕಂದಾಯದ ರಸೀದಿಯ ಜೆರಾಕ್ಸು. ಆಮೇಲೆ ದೊಡ್ಡ ಕಾಗದಗಳು. ಕಲ್ಲಿನ ಪಕ್ಕ ಟೇಪು ಬಿಚ್ಚಬೇಕಾದರೆ ದಿಲ್ಲಿಯಿಂದ ಒಂದು ಪರವಾನಗಿ, ಬೆಂಗಳೂರು ಮೈಸೂರುಗಳಿಂದ ಒಂದು ಪರವಾನಗಿ, ಅದನ್ನು ಇಲ್ಲಿನ ಕಚೇರಿಯಲ್ಲಿ ತೋರಿಸಿದರೆ ‘ಈ ಕಾಪಿ ನಮಗೆ ಬಂದಿಲ್ಲ’ ಎಂಬ ಉತ್ತರ. ಒಬ್ಬಾಕೆ ಹೀಗೆ ಕಾಯುತ್ತ ಕೂತ ದಿನಗಳಲ್ಲಿ ನಮ್ಮಮ್ಮನ ಜೊತೆ ಶೇಂಗಾ ಸುಲಿಯುತ್ತಿದ್ದಳು. ಪರವಾನಗಿ ಬರುವಷ್ಟರಲ್ಲಿ ಚಟ್ನಿಪುಡಿ ಕುಟ್ಟುವುದನ್ನು ಕಲಿತಿದ್ದಳು. ಅವಳ ಪ್ರಬಂಧದ ಯಾವ ಅಧ್ಯಾಯದಲ್ಲೂ ಅದು ಬಂದಿರಲಿಕ್ಕಿಲ್ಲ.

ಅವಳ ದಿನ ನಮ್ಮ ಹಾಲಿನವನಿಗಿಂತ ಮುಂಚೆ ಶುರುವಾಗುತ್ತಿತ್ತು. ಬಿಸಿಲು ಏರಿದ ಮೇಲೆ ಹೇಮಕೂಟದ ಬಂಡೆಯ ಮೇಲೆ ಕಾಲಿಡಲಾಗುವುದಿಲ್ಲ ಎಂಬುದನ್ನು ಅಂಗಾಲು ಬೇಗ ಕಲಿಸುತ್ತದೆ. ಕುದಿಸಿ ಆರಿಸಿದ ನೀರನ್ನು ಎರಡು ಬಾಟಲಿಗೆ ತುಂಬಿಕೊಂಡು, ಕಮಲಾಪುರದ ಮೊದಲ ಬಸ್ಸಿಗೆ ನಿಲ್ಲುತ್ತಿದ್ದಳು. ಬಸ್ಸಿನಲ್ಲಿ ಪಕ್ಕದವರು ಕೇಳುತ್ತಿದ್ದ ಪ್ರಶ್ನೆಗಳು ಯಾವಾಗಲೂ ಅವೇ. ‘ಮದಿವಿ ಆಗೇತೇನು? ಮಕ್ಕಳೆಷ್ಟು? ಪಗಾರ ಎಷ್ಟು ಕೊಡ್ತಾರ? ನಿಮ್ಮಪ್ಪ ಒಬ್ಬಾಕಿನ್ನ ಹೆಂಗ ಕಳಿಸಿದ?’ ಉತ್ತರಗಳನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿಕೊಂಡಿದ್ದಳು. ಮದುವೆ ಆಗಿಲ್ಲ ಎಂದರೆ ಮಾತು ಬೆಳೆಯುತ್ತದೆ, ಆಗಿದೆ ಎಂದರೆ ಗಂಡ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಕೊನೆಗೆ ನಮ್ಮಮ್ಮ ಹೇಳಿಕೊಟ್ಟ ಮಾತು ಕೆಲಸಕ್ಕೆ ಬಂತು: ‘ಮುಂದಿನ ವರ್ಷ ಐತ್ರೀ.’

ಸಂಜೆ ಧೂಳು ತುಂಬಿಕೊಂಡು ಬಂದು, ಬಕೆಟ್ ನೀರಿನಲ್ಲಿ ತಲೆ ತೊಳೆದು, ಬೀದಿಯ ತಿರುವಿನಲ್ಲಿ ಕಾಗದದ ಮೇಲೆ ಕೊಡುವ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಮೂಗು ಕಣ್ಣು ಒರೆಸಿಕೊಳ್ಳುತ್ತ ಹತ್ತು ಸಲ ನೀರು ಕುಡಿದು, ರಾತ್ರಿ ಅವತ್ತಿನ ಅಳತೆಗಳನ್ನು ಪೆನ್ಸಿಲ್ಲಿನಿಂದ ಮಸಿಗೆ ಏರಿಸುತ್ತಿದ್ದಳು. ಕರೆಂಟು ಹೋದರೆ ಚಿಮಣಿ ದೀಪ. ಅಮ್ಮ ತಟ್ಟೆ ಹಿಡಿದು ಮೇಲೆ ಹೋಗಿ ಹೇಳುತ್ತಿದ್ದಳು: ‘ಉಣ್ಣವ್ವ ಮೊದಲ. ಕಲ್ಲು ಎಲ್ಲಿಗೂ ಓಡಿ ಹೋಗಂಗಿಲ್ಲ.’

ಕ್ರಿಸ್ಮಸ್ ಬಂದಾಗ ಅವಳ ಮುಖ ಒಂದಿಷ್ಟು ಇಳಿಯುತ್ತಿತ್ತು. ಅದೇ ಸುಮಾರಿಗೆ ನಿನ್ನ ಮದುವೆಯ ನಿಶ್ಚಯವಾದ ಫಲಪೂಜೆಯೂ ಬರುತ್ತಿತ್ತು. ಚಳಿಗಾಲಕ್ಕೆ ಬಂದು ಬಿಸಿಲಿಗೆ ಮುಂಚೆ ಹೊರಡುವ ಇವರೆಲ್ಲರ ಪಾಡು ಒಂದೇ: ನಿನ್ನ ನಿಶ್ಚಿತಾರ್ಥ ನೋಡುತ್ತಾರೆ, ಚೈತ್ರದ ರಥ ನೋಡುವುದಿಲ್ಲ. ರಥಬೀದಿಯ ಉದ್ದಗಲವನ್ನು ಸೆಂಟಿಮೀಟರಿನವರೆಗೆ ಬಲ್ಲವರು ಆ ಬೀದಿಯಲ್ಲಿ ರಥ ಉರುಳುವುದನ್ನು ಕಾಣದೆ ಊರಿಗೆ ಹೋಗುತ್ತಾರೆ. ಒಂದು ವರ್ಷವಾದರೂ ಅವರ ವೀಸಾವನ್ನು ಚೈತ್ರದವರೆಗೆ ಎಳೆಯಪ್ಪಾ.

ಇಂಥವರಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ನಿನ್ನ ನೆರಳಿನಲ್ಲಿ ಇದ್ದವರು ಇಬ್ಬರು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ವಾಸ್ತುಶಿಲ್ಪ ಓದಿದ್ದ ಜಾರ್ಜ್ ಮಿಚೆಲ್, ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್. 1980ರಲ್ಲಿ, ರಾಜ್ಯದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಸ್. ನಾಗರಾಜರಾಯರು ಕರೆದರೆಂದು ಬಂದವರು ಸುಮಾರು ಎರಡು ದಶಕ ಚಳಿಗಾಲ ಚಳಿಗಾಲಕ್ಕೆ ಬರುತ್ತಲೇ ಹೋದರು. ಅಗೆಯಲಿಲ್ಲ. ಅಗೆಯುವ ಕೆಲಸ ಇಲಾಖೆಗಳದಾಗಿತ್ತು. ನೆಲದ ಮೇಲೆ ಏನು ಕಾಣುತ್ತದೋ ಅದನ್ನು ಅಳೆದು ಬರೆಯುವುದು ಇವರ ವ್ರತ. ಊರನ್ನೆಲ್ಲ ಚೌಕ ಚೌಕವಾಗಿ ಹಂಚಿಕೊಂಡು, ಚೌಕಕ್ಕೊಂದು ಅಕ್ಷರ, ಕಟ್ಟಡಕ್ಕೊಂದು ಸಂಖ್ಯೆ ಕೊಟ್ಟರು. ದೊಡ್ಡ ಗುಡಿಯಷ್ಟೇ ಅಲ್ಲ, ಬೀಳುಬಿದ್ದ ಅಡಿಪಾಯ, ಹಾದಿಬದಿಯ ಕಲ್ಲಿನ ತೊಟ್ಟಿ, ಬಾಗಿಲಿಲ್ಲದ ಬಾಗಿಲುವಾಡ, ಎಲ್ಲಕ್ಕೂ ಒಂದೊಂದು ಸಂಖ್ಯೆ. ನಾನಾ ದೇಶಗಳ ವಿದ್ಯಾರ್ಥಿಗಳು ಬಂದು ಸೇರಿದರು. ಅವರ ನಕ್ಷೆಯಿಂದಲೇ ಕಂಡ ಸಂಗತಿ: ಹಜಾರರಾಮನ ಗುಡಿಯ ನೇರ ಉತ್ತರಕ್ಕೆ ಮತಂಗ ಪರ್ವತದ ತುದಿಯ ವೀರಭದ್ರನಿದ್ದಾನೆ. ಅರಮನೆಯ ಆವರಣದ ಲೆಕ್ಕಾಚಾರವೆಲ್ಲ ಆ ಗೆರೆಯ ಮೇಲೆ ನಿಂತಿದೆ. ಮತಂಗ ಹತ್ತಿ ಸೂರ್ಯೋದಯ ನೋಡಿ ಬರುವ ನಾವು ಎಷ್ಟು ಜನ ದಕ್ಷಿಣಕ್ಕೆ ಕಣ್ಣು ಹಾಯಿಸಿ ಆ ಗೆರೆಯನ್ನು ಹುಡುಕಿದ್ದೇವೆ?

ಆದರೆ ನನ್ನ ನಿವೇದನೆಯ ತಿರುಳು ಆ ಗೆರೆಯ ಬಗ್ಗೆ ಅಲ್ಲ, ಟೇಪಿನ ಬಗ್ಗೆ.

ಟೇಪಿಗೆ ಎರಡು ತುದಿ. ಒಂದು ತುದಿಯಲ್ಲಿ ಅಂಕಿ ಓದಿ ಬರೆದುಕೊಳ್ಳುವವರು ನಿಲ್ಲುತ್ತಾರೆ. ಇನ್ನೊಂದು ತುದಿಯಲ್ಲಿ ಸೊನ್ನೆಯನ್ನು ಗೋಡೆಯ ಮೂಲೆಗೆ ಒತ್ತಿ ಹಿಡಿಯುವವನೊಬ್ಬ ಕುಕ್ಕರಗಾಲಿನಲ್ಲಿ ಕೂತಿರುತ್ತಾನೆ. ಈ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದರ ಕಷ್ಟ ಗೊತ್ತು. ಹಳೆಯ ಗೋಡೆಗೆ ಚೂಪಾದ ಮೂಲೆ ಇರುವುದಿಲ್ಲ. ಗಾರೆ ಉದುರಿದೆ, ಕಲ್ಲು ಸವೆದಿದೆ, ಸಂದಿಯಲ್ಲಿ ಚೇಳು ಇರಬಹುದು. ನಿಜವಾದ ಮೂಲೆ ಎಲ್ಲಿತ್ತು ಎಂಬುದನ್ನು ಬೆರಳಿನಿಂದ ತಡವಿ ನಿರ್ಧರಿಸಬೇಕು. ಗಾಳಿ ಬಂದರೆ ಟೇಪು ಬಡಿದಾಡುತ್ತದೆ, ಜಾಲಿಯ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ, ನಡುವೆ ಜೋತುಬಿದ್ದರೆ ಉದ್ದ ಹೆಚ್ಚಾಗುತ್ತದೆ. ಆ ಕಡೆಯಿಂದ ‘ಬಿಗಿ, ಇನ್ನಷ್ಟು ಬಿಗಿ’ ಎಂದು ಕೂಗು ಬರುತ್ತದೆ. ಈ ಕಡೆ ಸೊನ್ನೆ ಒಂದು ಬೆರಳಿನಷ್ಟು ಜಾರಿದರೂ ಕಾಗದದಲ್ಲಿ ಕೃಷ್ಣದೇವರಾಯನ ಗೋಡೆ ಸೊಟ್ಟಗಾಗುತ್ತದೆ. ಇಂಥ ಸರ್ವೆಗಳಲ್ಲಿ ಸೊನ್ನೆ ಹಿಡಿಯುವ ಕೆಲಸ ಬಹಳ ಸಲ ಬೀಳುವುದು ಕಮಲಾಪುರದವನಿಗೋ ಹಂಪಿಯವನಿಗೋ. ಶಾಲೆ ಬಿಟ್ಟ ಹುಡುಗ, ಇಲ್ಲವೇ ಬಾಳೆ ತೋಟದ ಕೂಲಿಗಿಂತ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಬಂದ ಗೃಹಸ್ಥ. ಸಂಜೆ ಕೂಲಿ ಎಣಿಸಿಕೊಂಡು ಹೋಗುವಾಗ ‘ಏನ್ ಹುಚ್ಚೋ ಇವರಿಗೆ, ಬಿದ್ದ ಗ್ವಾಡಿಗೆ ಮೈ ಅಳತಿ ತಗೊಳ್ಳಾಕ ಬಂದಾರ’ ಎಂದು ನಗುತ್ತಾನೆ. ಮರುದಿನ ಎಲ್ಲರಿಗಿಂತ ಮೊದಲು ಬಂದು ನಿಲ್ಲುವವನೂ ಅವನೇ. ನಾಲ್ಕಾರು ವರ್ಷ ಕಳೆಯುವುದರಲ್ಲಿ ಹೊಸದಾಗಿ ಬಂದ ಬಿಳಿಯ ವಿದ್ಯಾರ್ಥಿಗೆ ಮೂಲೆ ಎಲ್ಲಿದೆ ಎಂದು ತೋರಿಸುವವನೂ ಅವನೇ ಆಗಿರುತ್ತಾನೆ.

ಪಂಪಾಪತಿ, ನಕ್ಷೆಯ ಕೆಳಗಿನ ಮೂಲೆಯಲ್ಲಿ ಬರೆದವರ ಹೆಸರಿರುತ್ತದೆ, ಅಳತೆಯ ಪ್ರಮಾಣವಿರುತ್ತದೆ, ಉತ್ತರ ದಿಕ್ಕಿನ ಬಾಣವಿರುತ್ತದೆ. ಸೊನ್ನೆ ಹಿಡಿದವನು ಅಲ್ಲಿ ಇರುವುದು ಅಪರೂಪ. ಕೆಲವು ಪುಸ್ತಕಗಳು ಕೃತಜ್ಞತೆಯ ಪುಟದಲ್ಲಿ ಅಡುಗೆಯವರನ್ನೂ ಡ್ರೈವರನನ್ನೂ ನೆನೆಯುತ್ತವೆ, ಅವರಿಗೆ ಪುಣ್ಯ ಬರಲಿ. ಮಿಕ್ಕವರ ಬರಹದಲ್ಲಿ ಅವನು ‘ಸ್ಥಳೀಯನೊಬ್ಬ’. ಅವನ ಹೆಸರು ಹುಲುಗಪ್ಪನೋ, ಪಂಪಣ್ಣನೋ, ಹೊನ್ನೂರಸಾಬನೋ ಆಗಿದ್ದಿರಬೇಕು. ನಿನಗೆ ಗೊತ್ತು. ನೀನಾದರೂ ಬರೆದಿಟ್ಟುಕೋ.

ಚಿತ್ರ ತೆಗೆದವರನ್ನೂ ಮರೆಯಲಾರೆ. 1856ರಲ್ಲಿ ಮದರಾಸು ದಂಡಿನ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ನಿನ್ನ ಊರನ್ನು ಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಆತ ನಿಂತಲ್ಲೇ ಹುಡುಕಿ ಹುಡುಕಿ ನಿಂತು ಅದೇ ನೋಟಗಳನ್ನು ಮತ್ತೆ ತೆಗೆದ. ಗ್ರೀನ್‌ಲಾನ ಚಿತ್ರದಲ್ಲಿ ವಿಠ್ಠಲನ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಆಮೇಲೆ ಅದನ್ನು ತೆಗೆದುಹಾಕಲಾಯಿತು. ನಮ್ಮ ಜೇಬಿನಲ್ಲಿರುವ 50 ರೂಪಾಯಿ ನೋಟಿನ ಮೇಲೆ ಓಡಾಡುತ್ತಿರುವುದು ಶಿಖರ ಕಳೆದುಕೊಂಡ ರಥ. ಅಷ್ಟು ಗೊತ್ತಾಗಲು ಪರದೇಶದವನೊಬ್ಬ ಮುಕ್ಕಾಲಿ ಹೊತ್ತು ಬಿಸಿಲಲ್ಲಿ ಅಲೆಯಬೇಕಾಯಿತು.

ಇನ್ನು ಇಬ್ಬರು ಹೆಣ್ಣುಮಕ್ಕಳು, ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್. ಎಲ್ಲರೂ ಗುಡಿ ಅರಮನೆಗಳ ಕಡೆ ಮುಖ ಮಾಡಿದ್ದಾಗ ಇವರು ಬೆನ್ನು ತಿರುಗಿಸಿ ಊರಾಚೆ ನಡೆದರು. 1980ರ ದಶಕದ ಕೊನೆಯಿಂದ ಮುಂದಿನ ಹತ್ತು ವರ್ಷದ ತನಕ, ತಂಡ ಕಟ್ಟಿಕೊಂಡು, ಇಷ್ಟಿಷ್ಟೇ ಅಂತರ ಎಂದು ಸಾಲಾಗಿ ನಿಂತು, ಹೊಲ, ಕುರುಚಲು, ಗುಡ್ಡ ಎನ್ನದೆ ನೆಲ ನೋಡುತ್ತ ನಡೆಯುವುದು ಅವರ ಕೆಲಸ. 700ಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು: ಕೆರೆ, ಒಡ್ಡು, ಕಾವಲು ಗೋಡೆ, ಕಬ್ಬಿಣ ಕರಗಿಸಿದ ಕಿಟ್ಟದ ರಾಶಿ, ಊರು ಇದ್ದ ಜಾಗ. ಸಿನೊಪೊಲಿ ಮಡಕೆಯ ಚೂರುಗಳನ್ನು ಎಣಿಸಿ ತೂಗಿ ಯಾವ ಮನೆಯಲ್ಲಿ ಏನು ಬೇಯುತ್ತಿತ್ತು ಎಂದು ಕೇಳಿದರು. ಮಾರಿಸನ್ ಕಮಲಾಪುರ ಕೆರೆಯ ಹೂಳನ್ನು ಪದರ ಪದರವಾಗಿ ಮೇಲೆತ್ತಿ, ಅದರಲ್ಲಿ ಕೂತಿದ್ದ ಹೂವಿನ ಪರಾಗವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ರಾಯರ ಕಾಲದಲ್ಲಿ ಸುತ್ತ ಯಾವ ಗಿಡ, ಯಾವ ಪೈರು ಇತ್ತೆಂದು ಲೆಕ್ಕ ಹಾಕಿದರು. ಸಂಡೂರು ಕಂಪ್ಲಿಗಳ ನಡುವಿನ ದರೋಜಿ ಕೆರೆಯ ಸಾಲಿನ ಮೇಲೂ ಅವರದೊಂದು ಪುಸ್ತಕವಿದೆ. ದರೋಜಿ ಎಂದರೆ ನಮಗೆ ಕರಡಿಧಾಮ. ಅವರಿಗೆ ಅದು ಮಳೆ ಕೈಕೊಟ್ಟ ನೆಲದಲ್ಲಿ ಜನ ನೀರು ಕೂಡಿಟ್ಟುಕೊಂಡ ಕಥೆ. ಕರಡಿಯೂ ಎದುರಾಗಿರಬಹುದು, ಆ ಮಾತು ಗ್ರಂಥದಲ್ಲಿ ಬರುವುದಿಲ್ಲ.

ನನಗೆ ಈ ಇಬ್ಬರ ಕೆಲಸವೇ ಹೆಚ್ಚು ಪ್ರಿಯ. ರಾಜನ ಗದ್ದುಗೆಯ ಎತ್ತರ ಹೇಳುವವರು ಬಹಳ ಮಂದಿ. ರಾಜನಿಗೆ ಅಕ್ಕಿ ಎಲ್ಲಿಂದ ಬಂತು ಎಂದು ಕೆಸರಿಗೆ ಕೈ ಹಾಕಿದವರು ಕಡಿಮೆ.

ಸಂಡೂರಿಗೆ ಬಂದವರ ಜಾಡು ಇನ್ನೂ ಹಳೆಯದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಬೆಟ್ಟಗಳ ಕೆಂಪು ಕಲ್ಲನ್ನು ಸುತ್ತಿಗೆಯಲ್ಲಿ ತಟ್ಟಿ ನೋಡಿ, 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ದೊಡ್ಡ ವರದಿಯನ್ನು ಹೊರತಂದ. ಡೇರೆ, ಎತ್ತಿನ ಬಂಡಿ, ಕುದುರೆಯ ಕಾಲ. ಅವನು ಕಬ್ಬಿಣದ ಕಲ್ಲು ಎಂದು ಗುರುತು ಹಾಕಿದ ಬೆಟ್ಟಗಳಿಗೆ ಮುಂದೆ ಲಾರಿಗಳು ಬಂದವು. ಗುರುತು ಹಾಕಿದವನ ಮೇಲೆ ತಪ್ಪು ಹೊರಿಸಲಾರೆ. ಆದರೆ ಅಳತೆ ಎಂಬುದು ಎಲ್ಲ ಸಲವೂ ಪೂಜೆಯಾಗಿಯೇ ಮುಗಿಯುವುದಿಲ್ಲ ಎಂಬುದನ್ನು ಸಂಡೂರಿನ ರಸ್ತೆಯ ಧೂಳು ಕುಡಿದ ನಾವು ಬಲ್ಲೆವು. ಈಗ ಅಲ್ಲಿಗೆ ಲಂಬಾಣಿ ಕಸೂತಿ ನೋಡಲು ವಿದೇಶಿ ವಿದ್ಯಾರ್ಥಿನಿಯರು ಬರುತ್ತಾರೆ. ತಾಂಡಾದ ಅಜ್ಜಿಯ ಪಕ್ಕ ಕೂತು ಸೂಜಿ ಹಿಡಿಯುತ್ತಾರೆ, ಕನ್ನಡಿ ಕೂರಿಸುವಾಗ ಬೆರಳು ಚುಚ್ಚಿಕೊಳ್ಳುತ್ತಾರೆ. ಅಜ್ಜಿ ಲಂಬಾಣಿ ಮಾತಿನಲ್ಲಿ ಬೈಯುತ್ತಾಳೆ, ಅವರು ಅದನ್ನೂ ಬರೆದುಕೊಳ್ಳುತ್ತಾರೆ. ಆ ಬೈಗುಳ ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಭದ್ರವಾಗಿರಲಿ.

ತಂದೆ, ವಕಾಲತ್ತು ಹಿಡಿದವನು ಕಕ್ಷಿದಾರನ ಕೊರತೆಯನ್ನೂ ಮುಚ್ಚಿಡಬಾರದು. ಬಂದವರಲ್ಲಿ ಎಷ್ಟೋ ಜನಕ್ಕೆ ಕಲ್ಲು ಕಂಡಷ್ಟು ಸ್ಪಷ್ಟವಾಗಿ ಕಲ್ಲಿನ ನಡುವೆ ಒಲೆ ಹಚ್ಚಿದವರು ಕಾಣಲಿಲ್ಲ. ನಿನ್ನ ರಥಬೀದಿಯ ಮಂಟಪಗಳಲ್ಲಿ ಅಂಗಡಿ ಇಟ್ಟು, ಮಕ್ಕಳನ್ನು ಹೆತ್ತು, ಮುದುಕರಾದವರನ್ನು 2011ರ ಜುಲೈನಲ್ಲಿ ಜೆಸಿಬಿ ತಂದು ಎಬ್ಬಿಸಲಾಯಿತು. ಹೆಚ್ಚಿನವರು ಕಡ್ಡಿರಾಂಪುರದ ಕಡೆ ಹೋದರು. ಅದಕ್ಕೆ ಕೋರ್ಟು, ಕಾಯಿದೆ, ಪರಂಪರೆಯ ಕಾಳಜಿ ಎಲ್ಲವೂ ಕಾರಣವಾಗಿ ನಿಂತವು, ಸಂಶೋಧಕರು ಮಾಡಿಸಿದ್ದಲ್ಲ. ಅವರಲ್ಲಿ ಕೆಲವರು ಆ ಜನರ ಪರವಾಗಿ ಬರೆದರು. ಆದರೆ ಅದಕ್ಕೂ ಹಿಂದಿನ ಹಲವು ನಕ್ಷೆಗಳಲ್ಲಿ ಆ ಮನೆಗಳು ಇರಲಿಲ್ಲ. ಹದಿನಾರನೆಯ ಶತಮಾನದ ಕಂಬವನ್ನು ಬರೆದ ಪೆನ್ಸಿಲ್ಲು ಆ ಕಂಬಕ್ಕೆ ಕಟ್ಟಿದ ತೊಟ್ಟಿಲನ್ನು ಬಿಟ್ಟು ಬರೆದಿತ್ತು. ಮುಂದೆ ಬರುವವರ ಕಣ್ಣಿಗೆ ತೊಟ್ಟಿಲನ್ನೂ ತೋರಿಸು.

ನಮ್ಮವರೂ ಹೊರಗೆ ಹೋಗಿದ್ದಾರೆ, ಅವರನ್ನೂ ಇದೇ ಅರ್ಜಿಗೆ ಸೇರಿಸುತ್ತೇನೆ. ಹಾವೇರಿಯ ವಸುಂಧರಾ ಫಿಲಿಯೋಜಾ ಪ್ಯಾರಿಸಿಗೆ ಹೋಗಿ, ವಿಜಯನಗರದ ಆರಂಭದಿಂದ 1377ರವರೆಗಿನ ಶಾಸನಗಳನ್ನು ಕುರಿತು ಫ್ರೆಂಚಿನಲ್ಲಿ ಗ್ರಂಥ ಬರೆದರು. ಅದು ಅಚ್ಚಾದದ್ದು 1973ರಲ್ಲಿ. ಹಾವೇರಿಯ ಹುಡುಗಿ ಸೆನ್ ನದಿಯ ದಂಡೆಯ ಚಳಿಯಲ್ಲಿ ಕೂತು ತುಂಗಭದ್ರೆಯ ದಂಡೆಯ ಕಲ್ಲುಗಳನ್ನು ಓದಿದಳು ಎಂಬುದು ನನಗೆ ಯಾವ ದಿಗ್ವಿಜಯಕ್ಕಿಂತಲೂ ದೊಡ್ಡದು. ಆಕೆ ಅಲ್ಲಿಗೇ ನಿಲ್ಲಲಿಲ್ಲ. ಪತಿ ಪಿಯರ್ ಸಿಲ್ವೆಯ್ನ್ ಫಿಲಿಯೋಜಾ ಜೊತೆ ಸೇರಿ ವಿಠ್ಠಲ ದೇವಾಲಯದ ಮೇಲೆ ಪುಸ್ತಕ ಮಾಡಿದರು, ‘ಅಳಿದುಳಿದ ಹಂಪೆ’ಯನ್ನು ಕನ್ನಡದಲ್ಲೇ ಬರೆದುಕೊಟ್ಟರು. ಹೊರಗೆ ಹೋಗಿ ಕಲಿತದ್ದನ್ನು ಮನೆಗೆ ತಂದು ಹಂಚುವುದು ಹೇಗೆಂದು ತೋರಿಸಿದವರು ಅವರು.

ನಮ್ಮ ಬೀದಿಯ ಹುಡುಗನೊಬ್ಬ ಈಗ ಜರ್ಮನಿಯ ಪ್ರಯೋಗಾಲಯವೊಂದರಲ್ಲಿ ಸಂಶೋಧಕ. ಅಲ್ಲಿಯೂ ಬಾಡಿಗೆ ಮನೆ ಹಿಡಿದವನು ನಗರ ಕಚೇರಿಗೆ ಹೋಗಿ ವಿಳಾಸ ಬರೆಸಬೇಕಂತೆ. ಅದಿಲ್ಲದೆ ಬ್ಯಾಂಕಿಲ್ಲ, ಫೋನಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತವೆ ಎಂಬುದನ್ನು ಮೊದಲ ಭಾನುವಾರ ಹಸಿದುಕೊಂಡು ಕಲಿತನಂತೆ. ಪಕ್ಕದ ಮನೆಯ ಮುದುಕಿ ಮೆಟ್ಟಿಲ ಮೇಲೆ ಸಿಕ್ಕಾಗ ದಿನಾ ಏನೋ ಕೇಳುತ್ತಾಳಂತೆ, ಅರ್ಥವಾಗುವುದಿಲ್ಲ. ಅವನ ತಾಯಿ ನನ್ನನ್ನು ಕೇಳಿದರು: ‘ಏನ್ ಕೇಳ್ತಿರಬೌದ್ರಿ ಆಕಿ?’ ನನಗೆ ನಮ್ಮ ಕಮಲಾಪುರದ ಬಸ್ಸಿನ ಪ್ರಶ್ನೆಗಳಲ್ಲದೆ ಬೇರೆ ಯಾವುದೂ ಹೊಳೆಯಲಿಲ್ಲ. ಆ ಮುದುಕಿ ಒಂದು ದಿನ ಅವನಿಗೆ ಬಿಸಿ ಸೂಪು ಕೊಡಲಿ. ಮಹಡಿಗೆ ತಟ್ಟೆ ಒಯ್ದು ಕೊಟ್ಟ ನಮ್ಮಮ್ಮನ ಲೆಕ್ಕದಲ್ಲಿ ಅದನ್ನು ಜಮಾ ಮಾಡಿಕೋ.

ಇನ್ನು ಕೊನೆಯ ಬೇಡಿಕೆ, ಇದನ್ನು ನೀನೊಬ್ಬನೇ ನಡೆಸಿಕೊಡಲಾರೆ. ಆದ್ದರಿಂದ ನಿನ್ನ ಪಕ್ಕ ನಿಂತು ಕೇಳಿಸಿಕೊಳ್ಳುತ್ತಿರುವವರಿಗೂ ಹೇಳುತ್ತೇನೆ. ಇಲ್ಲಿಗೆ ಬಂದವರು ಅಳೆದು ಬರೆದದ್ದರಲ್ಲಿ ಬಹುಪಾಲು ಇಂಗ್ಲಿಷಿನಲ್ಲಿದೆ, ಬೆಲೆಬಾಳುವ ಪುಸ್ತಕಗಳಲ್ಲಿದೆ, ದೂರದ ಕಪಾಟುಗಳಲ್ಲಿದೆ. ನಿನ್ನ ಹೊಳೆಯ ಈ ದಂಡೆಯಲ್ಲೇ, ವಿದ್ಯಾರಣ್ಯದಲ್ಲಿ, ಕನ್ನಡಕ್ಕೆಂದೇ 1991ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವಿದೆ. ಕಮಲಾಪುರದಲ್ಲಿ ವಸ್ತುಸಂಗ್ರಹಾಲಯವಿದೆ. ಕನ್ನಡದಲ್ಲಿ ಅನುವಾದ ಮಾಡಬಲ್ಲವರಿಗೆ ಬರಗಾಲವಿಲ್ಲ. ಅಳತೆಯ ಸೊನ್ನೆ ಹಿಡಿದವನ ಮೊಮ್ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ, ತನ್ನಜ್ಜ ಏನನ್ನು ಅಳೆದ ಎಂಬುದು ಅವಳಿಗೆ ಓದಲು ಸಿಗಬೇಕು. ಗ್ರಂಥಗಳೆಲ್ಲ ಬರಲು ಕಾಲ ಹಿಡಿಯುತ್ತದೆ, ಹಿಡಿಯಲಿ. ಮೊದಲು ನಕ್ಷೆಗಳು ಬರಲಿ. ಅವಕ್ಕೆ ಅನುವಾದವೂ ಹೆಚ್ಚು ಬೇಕಿಲ್ಲ. ಗುಡಿ, ಕೆರೆ, ಕಾಲುವೆ, ಬಾಗಿಲುಗಳ ಹೆಸರನ್ನು ಕನ್ನಡದಲ್ಲಿ ಬರೆದು, ಹೊಸಪೇಟೆ, ಸಂಡೂರು, ಕಂಪ್ಲಿ ತಾಲ್ಲೂಕುಗಳ ಒಂದೊಂದು ಹೈಸ್ಕೂಲಿನ ಗೋಡೆಗೂ ಒಂದೊಂದು ಪ್ರತಿ ತೂಗುಹಾಕಿಸಿ. ಖರ್ಚು ಒಂದು ಉತ್ಸವದ ಶಾಮಿಯಾನದ ಬಾಡಿಗೆಯಷ್ಟೂ ಆಗಲಾರದು.